ಫ್ರೀಬಿಎಸ್‌ಡಿಯ ಕೆಕ್ಯೂ: ವರ್ಷಗಟ್ಟಲೆ ಬಳಸಿದ ಮೇಲೆ ಒಂದು ವಿಮರ್ಶೆ

ಸಾವಿರಾರು ಕನೆಕ್ಷನ್ ಹಿಡಿದುಕೊಂಡು ಕೂರುವ ಸರ್ವರ್ ಪ್ರೋಗ್ರಾಂ ಬರೆಯುವುದೇ ನನ್ನ ಹೊಟ್ಟೆಪಾಡು. ಯಾವ ಕನೆಕ್ಷನ್‌ಗೆ ಡೇಟಾ ಬಂತು ಎಂದು ಪ್ರೋಗ್ರಾಂಗೆ ತಿಳಿಸುವ ವ್ಯವಸ್ಥೆಗೆ ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಕೆಕ್ಯೂ ಎಂದು ಹೆಸರು, ಲಿನಕ್ಸ್‌ನಲ್ಲಿ ಈಪೋಲ್. ಎರಡರ ಜೊತೆಗೂ ಬಹಳ ಕಾಲದಿಂದ ಏಗುತ್ತಿದ್ದೇನೆ. ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ನನಗೆ ಕಂಡಿಲ್ಲ. ಆದರೂ ಕೋಡ್ ಬರೆಯಲು ಕೂತಾಗ ಮನಸ್ಸು ಒಲಿಯುವುದು ಕೆಕ್ಯೂ ಕಡೆಗೇ.

ಇದೇ ಕೆಲಸಕ್ಕಿದ್ದ ಹಳೆಯ ಸೆಲೆಕ್ಟ್, ಪೋಲ್‌ಗಳಲ್ಲಿ ಪ್ರತಿ ಸಲವೂ ಕನೆಕ್ಷನ್‌ಗಳ ಇಡೀ ಪಟ್ಟಿಯನ್ನು ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಂನ ತಿರುಳಿಗೆ) ಒಪ್ಪಿಸಬೇಕು, ಅದು ಮೊದಲಿಂದ ಕೊನೆಯವರೆಗೆ ತಡಕಬೇಕು. ಹತ್ತು ಸಾವಿರದಲ್ಲಿ ಮೂರೇ ಕನೆಕ್ಷನ್‌ಗೆ ಡೇಟಾ ಬಂದಿದ್ದರೂ ಅಷ್ಟೇ ಶ್ರಮ. ಜೋನಾಥನ್ ಲೆಮನ್ 2000ದಲ್ಲಿ ಫ್ರೀಬಿಎಸ್‌ಡಿ 4.1ಕ್ಕೆ ತಂದ ಕೆಕ್ಯೂ ಆ ಪಟ್ಟಿಯನ್ನು ಕರ್ನಲ್ ಒಳಗೇ ಇಟ್ಟುಕೊಂಡಿತು. ಆಮೇಲೆ ಬಂದ ಈಪೋಲ್ ಕೂಡ ಇದನ್ನೇ ಮಾಡುತ್ತದೆ.

ಕೆಕ್ಯೂ ಬೇರೆಯಾಗುವುದು ನೋಂದಣಿಯ ರೀತಿಯಲ್ಲಿ. ಒಂದು ಗುರುತು, ಯಾವ ಬಗೆಯ ಘಟನೆ (ಇವೆಂಟ್) ಬೇಕೆಂದು ಹೇಳುವ ಒಂದು ಫಿಲ್ಟರ್, ಇವೆರಡೂ ಸೇರಿದರೆ ಒಂದು ನೋಂದಣಿ. ರೀಡ್ ಫಿಲ್ಟರ್‌ಗೆ ಗುರುತು ಎಂದರೆ ಫೈಲ್ ಡಿಸ್ಕ್ರಿಪ್ಟರ್, ಅಂದರೆ ತೆರೆದ ಫೈಲ್‌ಗೋ ಸಾಕೆಟ್‌ಗೋ (ನೆಟ್‌ವರ್ಕ್ ಕನೆಕ್ಷನ್‌ನ ನಮ್ಮ ತುದಿ) ಕರ್ನಲ್ ಕೊಡುವ ನಂಬರ್. ಪ್ರೊಸೆಸ್ ಫಿಲ್ಟರ್‌ಗೆ ಪಿಐಡಿ, ಅಂದರೆ ಓಡುತ್ತಿರುವ ಪ್ರೋಗ್ರಾಂನ ನಂಬರ್. ಸಿಗ್ನಲ್ ಫಿಲ್ಟರ್‌ಗೆ ಸಿಗ್ನಲ್ ನಂಬರ್. ಟೈಮರ್‌ಗೆ ನಾವೇ ಕೊಟ್ಟ ಒಂದು ಸಂಖ್ಯೆ. ಚೈಲ್ಡ್ ಪ್ರೊಸೆಸ್ ಸತ್ತಿದ್ದೂ ಸಾಕೆಟ್‌ಗೆ ಡೇಟಾ ಬಂದಿದ್ದೂ ಒಂದೇ ಲೂಪ್‌ನಲ್ಲಿ ಕೈಗೆ ಸಿಗುತ್ತವೆ. ಲಿನಕ್ಸ್‌ನವರು ಪ್ರತಿಯೊಂದನ್ನೂ ಡಿಸ್ಕ್ರಿಪ್ಟರ್ ಮಾಡುವ ದಾರಿ ಹಿಡಿದರು: ಕರ್ನಲ್ ಆವೃತ್ತಿ 2.6.22ರಲ್ಲಿ ಸಿಗ್ನಲ್‌ಎಫ್‌ಡಿ, 2.6.25ರಲ್ಲಿ ಟೈಮರ್‌ಎಫ್‌ಡಿ, ಪ್ರೊಸೆಸ್‌ಗಾಗಿ ಪಿಡ್‌ಎಫ್‌ಡಿ ಓಪನ್ ಬರುವಷ್ಟರಲ್ಲಿ 5.3, ಅಂದರೆ 2019. ಅದೂ ಚೊಕ್ಕ ದಾರಿಯೇ, ಆದರೆ ಎಷ್ಟು ತಡ!

ದಿನಬಳಕೆಯಲ್ಲಿ ನನಗೆ ತುಂಬ ಹಿಡಿಸಿದ್ದು ಡೇಟಾ ಎಂಬ ಪುಟ್ಟ ಫೀಲ್ಡ್. ರೀಡ್ ಇವೆಂಟ್ ಬಂದಾಗ ಎಷ್ಟು ಬೈಟ್ ಕಾದಿವೆ ಎಂದು ಅದರಲ್ಲೇ ಬರೆದಿರುತ್ತದೆ. ಲಿಸನ್ ಮಾಡುತ್ತಿರುವ ಸಾಕೆಟ್ ಆದರೆ ಎಷ್ಟು ಕನೆಕ್ಷನ್ ಸಾಲಿನಲ್ಲಿವೆ ಎಂಬ ಲೆಕ್ಕ. ಏಳು ಎಂದರೆ ಏಳು ಸಲ ಆಕ್ಸೆಪ್ಟ್ (ಹೊಸ ಕನೆಕ್ಷನ್ ಸ್ವೀಕರಿಸುವ ಕಾಲ್) ಕರೆದು ಮುಂದಿನ ಕೆಲಸಕ್ಕೆ ಹೋಗಬಹುದು. ನೋಂದಣಿಯ ಬದಲಾವಣೆಗಳನ್ನು ಕಟ್ಟು ಕಟ್ಟಿ ಕೆವೆಂಟ್ ಎಂಬ ಒಂದೇ ಸಿಸ್ಟಂ ಕಾಲ್‌ನಲ್ಲಿ (ಕರ್ನಲ್‌ಗೆ ಕೊಡುವ ಕರೆ) ಒಪ್ಪಿಸಿ, ಅದರಲ್ಲೇ ಹೊಸ ಇವೆಂಟ್‌ಗಳನ್ನೂ ಪಡೆಯಬಹುದು. ಈಪೋಲ್‌ನಲ್ಲಿ ಒಂದೊಂದು ಬದಲಾವಣೆಗೂ ಒಂದೊಂದು ಸಿಸ್ಟಂ ಕಾಲ್.

ಇನ್ನು ದೂರುಗಳು. ಒಂದೇ ಸಾಕೆಟ್‌ಗೆ ರೀಡ್ ಬೇರೆ, ರೈಟ್ ಬೇರೆ ನೋಂದಣಿ. ಎರಡೂ ಇವೆಂಟ್ ಒಂದೇ ಕಂತಿನಲ್ಲಿ ಬಂದವು ಅನ್ನಿ. ರೀಡ್ ನೋಡಿದಾಗ ಆ ಕಡೆಯವರು ಹೋಗಿಬಿಟ್ಟಿದ್ದಾರೆ, ಸಾಕೆಟ್ ಮುಚ್ಚಿ ಮೆಮರಿ ಬಿಡುಗಡೆ ಮಾಡುತ್ತೀರಿ. ಅದೇ ಕಂತಿನಲ್ಲಿ ಕೆಳಗಿರುವ ರೈಟ್ ಇವೆಂಟ್‌ನ ಜೊತೆ ನಾವಿಟ್ಟ ಪಾಯಿಂಟರ್ (ಮೆಮರಿಯ ವಿಳಾಸ) ಈಗ ಸತ್ತ ಮೆಮರಿಯನ್ನು ತೋರಿಸುತ್ತಿರುತ್ತದೆ. ಕಂತು ಪೂರ್ತಿ ಮುಗಿದ ಮೇಲಷ್ಟೇ ಮೆಮರಿ ಬಿಡುವುದು ಕ್ಷೇಮ. ಹಾಗೆಯೇ ಇನ್ನು ಡೇಟಾ ಬರುವುದಿಲ್ಲ ಎನ್ನುವ ಇಒಎಫ್ ಫ್ಲ್ಯಾಗ್ ಕಂಡೊಡನೆ ಮುಚ್ಚಬೇಡಿ. ಓದದ ಬೈಟ್‌ಗಳು ಬಫರ್‌ನಲ್ಲಿ ಉಳಿದಿರಬಹುದು.

ಫೈಲ್ ಕಾವಲಿಗಂತೂ, ಅಂದರೆ ಫೈಲ್ ಬದಲಾದದ್ದು ತಿಳಿಯಲು, ಕೆಕ್ಯೂ ಸಾಲದು. ಗಮನಿಸಬೇಕಾದ ಪ್ರತಿ ಫೈಲನ್ನೂ ತೆರೆದಿಟ್ಟುಕೊಳ್ಳಬೇಕು. ಡೈರೆಕ್ಟರಿಯಲ್ಲಿ ಏನೋ ಬದಲಾಯಿತು ಎನ್ನುತ್ತದೆಯೇ ಹೊರತು ಯಾವ ಫೈಲ್ ಎಂದು ಹೇಳುವುದಿಲ್ಲ. ದೊಡ್ಡ ಸೋರ್ಸ್ ಕೋಡ್‌ನ ಡೈರೆಕ್ಟರಿಗಳನ್ನೆಲ್ಲ ಕಾಯಲು ಹೊರಟರೆ ಡಿಸ್ಕ್ರಿಪ್ಟರ್ ಮಿತಿಯೇ ಮುಗಿಯುತ್ತದೆ. ಇಲ್ಲಿ ಫೈಲ್ ಕಾವಲಿಗೆಂದೇ ಇರುವ ಲಿನಕ್ಸ್‌ನ ಐನೋಟಿಫೈ ಸಲೀಸು.

ಆದರೆ ಈಪೋಲ್‌ನ ಒಂದು ಗುಣ ಮಾತ್ರ ನನಗೆ ಇವತ್ತಿಗೂ ಸಹಿಸಲಾಗದ್ದು. ಡೂಪ್ (ಡಿಸ್ಕ್ರಿಪ್ಟರ್ ನಕಲು ಮಾಡುವ ಕಾಲ್) ಅಥವಾ ಫೋರ್ಕ್‌ನಿಂದ (ಪ್ರೊಸೆಸ್ ನಕಲು ಮಾಡುವ ಕಾಲ್) ಡಿಸ್ಕ್ರಿಪ್ಟರ್‌ಗೆ ಇನ್ನೊಂದು ಪ್ರತಿ ಇದ್ದರೆ, ನಮ್ಮದನ್ನು ಮುಚ್ಚಿದ ಮೇಲೂ ಇವೆಂಟ್ ಬರುತ್ತಲೇ ಇರುತ್ತದೆ. ತೆಗೆದುಹಾಕೋಣವೆಂದರೆ ಆ ನಂಬರೇ ಕೈಯಲ್ಲಿಲ್ಲ. ಕೆಕ್ಯೂನಲ್ಲಿ ಡಿಸ್ಕ್ರಿಪ್ಟರ್ ಮುಚ್ಚಿದರೆ ನೋಂದಣಿಯೂ ಅಲ್ಲಿಗೇ ಮುಗಿಯಿತು. ಕೆಕ್ಯೂಗೆ ನನ್ನ ಅಂಕ: ನೆಟ್‌ವರ್ಕ್ ಕೆಲಸಕ್ಕೆ ಐದರಲ್ಲಿ ನಾಲ್ಕೂವರೆ, ಫೈಲ್ ಕಾವಲಿಗೆ ಎರಡು.