ಹ್ಯಾಂಡ್‌ರೇಲ್ ಕೆಳಗೆ ಸೂಜಿ ತೂರಿಸಿ ನೋಡಿ, ಆಮೇಲೆ ದುಡ್ಡು ಕೊಡಿ

ಎನ್ ಸ್ಕೇಲ್ (ನಿಜದ್ದರ 160ನೇ ಒಂದು ಅಳತೆ) ಮಾಡೆಲ್ ಸ್ಟೀಮ್ ಇಂಜಿನ್‌ಗೆ ಡೀಟೇಲಿಂಗ್, ಅಂದರೆ ಸಣ್ಣಪುಟ್ಟ ಭಾಗಗಳನ್ನು ನಿಜದ ಹಾಗೆ ಕೂರಿಸುವ ಕೆಲಸ, ಮಾಡಿಕೊಡುತ್ತೇನೆ ಅಂತ ಯಾರಾದರೂ ಬರೀ ಫೋಟೊ ತೋರಿಸಿ ಮುಂಗಡ ಕೇಳುತ್ತಿದ್ದರೆ ಒಂದು ನಿಮಿಷ ತಡೆಯಿರಿ. ಇದನ್ನು ಓದಿ, ಆಮೇಲೆ ಕಳಿಸುವುದೋ ಬಿಡುವುದೋ ನಿಮ್ಮಿಷ್ಟ. ಹೇಳಿಕೊಳ್ಳೋಕೆ ನನಗೇ ನಾಚಿಕೆ. ವರ್ಷಗಟ್ಟಲೆ ಮಾಡೆಲ್ ರೈಲು ಇಟ್ಟುಕೊಂಡವನು, ಹೊಸಬರಿಗೆ ಬುದ್ಧಿ ಹೇಳುವವನು, ನನಗೇ ಹೀಗೆ ಟೋಪಿ ಹಾಕಿದರು ಅಂದರೆ ನಗುತ್ತೀರಿ. ನಗಿ, ಪರವಾಗಿಲ್ಲ. ಅವನ ಹತ್ತಿರ ಮಾತ್ರ ಹೋಗಬೇಡಿ.

ಹೆಸರು ಹಾಕುವುದಿಲ್ಲ. ಅವನು ಹೇಗೆ ಮಾತಾಡುತ್ತಾನೆ, ಏನು ಕಳಿಸುತ್ತಾನೆ ಅಂತ ಹೇಳಿದರೆ ಸಾಕು, ಎದುರಾದಾಗ ನಿಮಗೇ ಗೊತ್ತಾಗುತ್ತದೆ.

ನಾನು ಕೆಲಸಕ್ಕೆ ಕೊಟ್ಟ ಮಾಡೆಲ್ ಯುಎಸ್‌ಆರ್‌ಎ ಲೈಟ್ ಮಿಕಾಡೊ, 2-8-2, ಅಂದರೆ ಮುಂದೆ ಎರಡು, ನಡುವೆ ಎಂಟು, ಹಿಂದೆ ಎರಡು ಚಕ್ರ. ನಿಜವಾದ ಇಂಜಿನ್ ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕ ಸರ್ಕಾರ ರೈಲುಗಳನ್ನು ತನ್ನ ಕೈಗೆ ತೆಗೆದುಕೊಂಡಾಗ ಒಂದೇ ನಕ್ಷೆಯಲ್ಲಿ ಮಾಡಿಸಿದ್ದು; ಆ ಸರ್ಕಾರಿ ಆಡಳಿತದ ಹೆಸರೇ ಯುಎಸ್‌ಆರ್‌ಎ. ಮೊದಲನೆಯದು 1918ರ ಜುಲೈನಲ್ಲಿ ಬಾಲ್ಡ್‌ವಿನ್ ಕಾರ್ಖಾನೆಯಿಂದ ಬಾಲ್ಟಿಮೋರ್ ಅಂಡ್ ಒಹಾಯೊ ರೈಲ್ವೆಗೆ ಹೋಯಿತು, ನಂಬರ್ 4500. ನಕ್ಷೆ ಒಂದೇ ಆದರೂ ಆಮೇಲೆ ಒಂದೊಂದು ರೈಲ್ವೆಯವರು ಗಂಟೆ, ಹೆಡ್‌ಲೈಟ್, ಪೈಪು, ಟೆಂಡರ್ (ಇಂಜಿನ್ ಹಿಂದಿನ ಕಲ್ಲಿದ್ದಲು-ನೀರಿನ ಗಾಡಿ) ಎಲ್ಲ ತಮಗೆ ಬೇಕಾದ ಹಾಗೆ ಬದಲಿಸಿಕೊಂಡರು. ಡೀಟೇಲಿಂಗ್ ಹುಚ್ಚಿರುವವರಿಗೆ ಇದಕ್ಕಿಂತ ಒಳ್ಳೆ ಇಂಜಿನ್ ಇಲ್ಲ. ಒಂದೇ ಮಾಡೆಲ್ ತಗೊಂಡು ಹತ್ತು ಬೇರೆ ಬೇರೆ ಇಂಜಿನ್ ಮಾಡಬಹುದು.

ನನ್ನದರಲ್ಲಿ ಹ್ಯಾಂಡ್‌ರೇಲ್ (ಬಾಯ್ಲರ್ ಪಕ್ಕದ ಹಿಡಿಕಂಬಿ), ಪೈಪು ಎಲ್ಲ ಬಾಯ್ಲರ್ ಜೊತೆಗೇ ಅಚ್ಚಿನಲ್ಲಿ ಬಂದಿದ್ದವು. ನೋಡಿದರೆ ಕಂಬಿಯಲ್ಲ, ಬಾಯ್ಲರ್ ಮೇಲೆ ಎದ್ದ ಬರೆ ಅಷ್ಟೇ. ಕೆಲಸ ಮಾಡಿದವರಿಗೆ ಗೊತ್ತು ಇದೆಂಥ ಕಷ್ಟ ಅಂತ. ಆ ಬರೆಯನ್ನು ಉಳಿಯಿಂದ ಕೆರೆದು ತೆಗೆಯಬೇಕು, ಅದರ ಪಕ್ಕದ ರಿವೆಟ್ ಸಾಲಿಗೆ ಏಟು ಬೀಳಬಾರದು. ಕೈ ಡ್ರಿಲ್‌ನಲ್ಲಿ ತೂತು ಕೊರೆದು, ಸಣ್ಣ ಗೂಟ ಕೂರಿಸಿ, ಅದರೊಳಗೆ ತಂತಿ ಎಳೆಯಬೇಕು. ನಿಜವಾದ ಇಂಜಿನ್‌ನಲ್ಲಿ ಒಂದೂಕಾಲು ಇಂಚು ದಪ್ಪದ ಕಂಬಿ ಇದ್ದರೆ 1:160ಕ್ಕೆ ಅದು 0.2 ಮಿಲಿಮೀಟರ್. ತಂತಿ ಕೆಳಗೆ ಬಿದ್ದರೆ ಹುಡುಕುವುದೂ ಬೇಡ. ನನ್ನ ಕಣ್ಣು, ಕೈ ಈಗ ಆ ಕೆಲಸಕ್ಕೆ ಆಗುವುದಿಲ್ಲ. ಅದಕ್ಕೇ ಮಾಡುವವರನ್ನು ಹುಡುಕಿದ್ದು.

ಮಾತು ಹೀಗೆ ಆಗಿತ್ತು. ಅಚ್ಚಿನ ಹ್ಯಾಂಡ್‌ರೇಲ್ ಪೂರ್ತಿ ತೆಗೆದು ತಂತಿ. ಇಂಜೆಕ್ಟರ್ (ಬಾಯ್ಲರ್‌ಗೆ ನೀರು ತಳ್ಳುವುದು) ಪೈಪುಗಳು ಬೇರೆಯಾಗಿ. ಹಿತ್ತಾಳೆ ಎರಕದ ಗಂಟೆ. ಕ್ಯಾಬ್ ಕಿಟಕಿಗೆ ಗಾಜು. ಟೆಂಡರ್‌ಗೆ ನಿಜವಾದ ಕಲ್ಲಿದ್ದಲ ಪುಡಿ. ಹೊಸ ನಂಬರ್ ಡೆಕಾಲ್, ಅಂದರೆ ಅಂಟಿಸುವ ತೆಳು ಅಕ್ಷರ. ಕೊನೆಗೆ ಹದವಾಗಿ ವೆದರಿಂಗ್, ಅಂದರೆ ದುಡಿದ ಇಂಜಿನ್ ಹಾಗೆ ಕಾಣಲು ಕೊಳೆ ಬಣ್ಣ. ಚಕ್ರ, ಗೇರು, ಮೋಟಾರ್ ಮುಟ್ಟುವುದೇ ಬೇಡ, ಚೆನ್ನಾಗಿ ಓಡುತ್ತಿದೆ ಅಂತ ಬರೆದೇ ಹೇಳಿದ್ದೆ. ಅರ್ಧ ದುಡ್ಡು ಮೊದಲು, ಉಳಿದರ್ಧ ಪಾರ್ಸೆಲ್ ಕಳಿಸುವ ಮುಂಚೆ. ಇದರಲ್ಲಿ ವಿಶೇಷವೇನಿಲ್ಲ, ಎಲ್ಲರೂ ಹೀಗೇ ಮಾಡುತ್ತಾರೆ.

ಮಾತಿನಲ್ಲಿ ಅವನನ್ನು ಮೀರಿಸುವವರಿಲ್ಲ. "ಸರ್, ನಾನು ದುಡ್ಡಿಗೆ ಮಾಡೋನಲ್ಲ, ಪ್ರೀತಿಗೆ ಮಾಡೋನು." "ಸರ್, ಒಂದೊಂದು ತೂತೂ ಕೈಯಲ್ಲೇ ಕೊರೆಯೋದು." ನಡುನಡುವೆ ಫೋಟೊ ಕಳಿಸುತ್ತಿದ್ದ. ಅಬ್ಬಾ, ಏನು ಫೋಟೊ! ಬಾಯ್ಲರ್ ಪಕ್ಕದಲ್ಲಿ ಹಿತ್ತಾಳೆ ತಂತಿ ಫಳಫಳ ಅಂತಿದೆ, ತಂತಿಯ ನೆರಳು ಬಾಯ್ಲರ್ ಮೇಲೆ ಬಿದ್ದಿದೆ. ಆ ನೆರಳು ನೋಡಿಯೇ ನಾನು ಉಳಿದರ್ಧ ಕಳಿಸಿದ್ದು. ಅಚ್ಚಿನ ಕಂಬಿಗೆ ನೆರಳು ಹಾಗೆ ಬೀಳಲ್ಲ ಅಲ್ವಾ.

ಪಾರ್ಸೆಲ್ ಬಂತು. ತೆಗೆದೆ. ನಿಜ ಹೇಳಬೇಕು ಅಂದರೆ ಮೊದಲ ನೋಟಕ್ಕೆ ಖುಷಿಯಾಯಿತು. ಕಪ್ಪು, ಕಂದು, ಅಲ್ಲಲ್ಲಿ ಬೂದಿ ಬಣ್ಣ, ದುಡಿದು ಬಂದ ಇಂಜಿನ್ ಹಾಗೇ ಇತ್ತು. ಹ್ಯಾಂಡ್‌ರೇಲ್ ಇದ್ದಲ್ಲಿ ಹಿತ್ತಾಳೆ ಬಣ್ಣ ಮಿನುಗುತ್ತಿತ್ತು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಅದನ್ನು ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ಆಮೇಲೆ ಟೇಬಲ್ ಲ್ಯಾಂಪ್ ಕೆಳಗೆ ಇಟ್ಟೆ. ಲೆನ್ಸ್ ಹಾಕಿಕೊಂಡೆ. ಹ್ಯಾಂಡ್‌ರೇಲ್ ಹಿಂದೆ ಬೆಳಕು ಕಾಣಲಿಲ್ಲ. ಧೂಳು ಕೂತಿರಬೇಕು ಅಂದುಕೊಂಡು ಸಣ್ಣ ಸೂಜಿ ತಂದು ಕಂಬಿಯ ಕೆಳಗೆ ತೂರಿಸೋಕೆ ಹೋದೆ. ಹೋಗಲಿಲ್ಲ. ಇನ್ನೊಂದು ಕಡೆ ನೋಡಿದೆ. ಹೋಗಲಿಲ್ಲ. ಮುಂದೆ ಸ್ಮೋಕ್‌ಬಾಕ್ಸ್ ಹತ್ತಿರ, ಹಿಂದೆ ಕ್ಯಾಬ್ ಹತ್ತಿರ, ಆಚೆ ಪಕ್ಕ, ಎಲ್ಲೂ ಹೋಗಲಿಲ್ಲ. ಸೂಜಿಯ ಮೊನೆಯಲ್ಲಿ ಸ್ವಲ್ಪ ಕೆರೆದೆ. ಹಿತ್ತಾಳೆ ಬಣ್ಣ ಪುಡಿಯಾಗಿ ಉದುರಿತು, ಕೆಳಗೆ ಕಪ್ಪು ಪ್ಲಾಸ್ಟಿಕ್. ಕಾರ್ಖಾನೆಯ ಅದೇ ಅಚ್ಚಿನ ಬರೆ. ಅದರ ಮೇಲೆ ಕುಂಚದಿಂದ ಹಿತ್ತಾಳೆ ಬಣ್ಣ ಎಳೆದಿದ್ದಾನೆ!

ಅಷ್ಟೇ. ಇಷ್ಟಕ್ಕೇ ನಾನು ಪೂರ್ತಿ ದುಡ್ಡು ಕೊಟ್ಟಿದ್ದು. ಬಣ್ಣದ ಗೆರೆಗೆ. ಒಂದೇ ಒಂದು ತೂತು ಕೊರೆದಿಲ್ಲ. ಒಂದೇ ಒಂದು!

ಆಮೇಲೆ ಒಂದೊಂದಾಗಿ ಎಲ್ಲ ಬಿಚ್ಚಿಕೊಂಡಿತು. ಗಂಟೆ ಹಳೆಯದೇ, ಅದಕ್ಕೂ ಹಿತ್ತಾಳೆ ಬಣ್ಣ. ಕಲ್ಲಿದ್ದಲು ಅಚ್ಚಿನದೇ, ಮೇಲೆ ಹೊಳೆಯುವ ವಾರ್ನಿಷ್. ನಂಬರ್ ಡೆಕಾಲ್ ಸುತ್ತ ಬೆಳ್ಳಿ ಬೆಳ್ಳಿಯಾಗಿ ಅಂಚು ಕಾಣುತ್ತಿದೆ. ಮ್ಯಾಟ್ ಬಣ್ಣದ ಮೇಲೆ ನೇರ ಅಂಟಿಸಿದರೆ ಕೆಳಗೆ ಗಾಳಿ ಸಿಕ್ಕಿಕೊಂಡು ಹೀಗಾಗುತ್ತದೆ. ಮೊದಲು ಹೊಳಪಿನ ವಾರ್ನಿಷ್ ಹೊಡೆಯಬೇಕು ಅನ್ನುವುದು ಈ ಕೆಲಸ ಕಲಿಯುವವರಿಗೂ ಗೊತ್ತು. ಕಿಟಕಿಗೆ ಮಾತ್ರ ಹೇಳಿದ ಹಾಗೆ ಗಾಜು ಹಾಕಿದ್ದಾನೆ, ಆದರೆ ಸೂಪರ್ ಗ್ಲೂನಲ್ಲಿ. ಅದರ ಆವಿ ಕೂತು ಗಾಜೆಲ್ಲ ಬೆಳ್ಳಗೆ ಮಂಜು.

ವೆದರಿಂಗ್ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ಅವನ ಆಟ ನಡೆಯುವುದೇ ಅಲ್ಲಿ. ನಿಜವಾದ ಇಂಜಿನ್‌ಗೆ ಕೊಳೆ ಒಂದೊಂದು ಕಡೆ ಒಂದೊಂದು ತರ ಹತ್ತುತ್ತದೆ. ಮಸಿ ಮೇಲ್ಭಾಗದಲ್ಲಿ, ಚಿಮಣಿಯಿಂದ ಹಿಂದಕ್ಕೆ. ನೀರಿನ ಸುಣ್ಣದ ಬಿಳಿ ಗೆರೆ ಸೇಫ್ಟಿ ವಾಲ್ವ್, ಇಂಜೆಕ್ಟರ್ ಹತ್ತಿರ, ಮೇಲಿಂದ ಕೆಳಕ್ಕೆ ಸೋರಿದ ಹಾಗೆ. ಬೂದಿ ಫೈರ್‌ಬಾಕ್ಸ್ ಕೆಳಗೆ. ಹಳಿಯ ಕಂದು ಧೂಳು ಚಕ್ರದ ಸುತ್ತ. ಚಕ್ರಗಳನ್ನು ಜೋಡಿಸುವ ಸೈಡ್ ರಾಡ್ ಎಣ್ಣೆ ಜಿಡ್ಡಿನಲ್ಲಿ ಸ್ವಲ್ಪ ಹೊಳೆಯುತ್ತಿರುತ್ತದೆ. ಇವನು ಏರ್‌ಬ್ರಷ್ ಹಿಡಿದು ಮುಂದಿಂದ ಹಿಂದಿನವರೆಗೆ ಒಂದೇ ಸಮ ಕಂದು ಹೊಡೆದಿದ್ದಾನೆ. ಯಾಕೆ ಅಂತ ಆಮೇಲೆ ಹೊಳೆಯಿತು. ಆ ಕೊಳೆ ಇಂಜಿನ್‌ಗಲ್ಲ, ಕೆಲಸ ಮಾಡದೇ ಇದ್ದದ್ದನ್ನು ಮುಚ್ಚೋಕೆ. ಅಂಟಿನ ಕಲೆ, ಬೆರಳಿನ ಗುರುತು, ಎಲ್ಲ ಅದರ ಕೆಳಗೆ.

ಹಳಿ ಮೇಲೆ ಇಟ್ಟೆ. ಓಡಲಿಲ್ಲ. ಚಕ್ರದ ಅಂಚಿಗೂ ಬಣ್ಣ ಬಿದ್ದಿದೆ, ಕರೆಂಟ್ ಎಲ್ಲಿಂದ ಬರಬೇಕು? ಅದನ್ನು ಒರೆಸಿದೆ. ಈಗ ಓಡುತ್ತದೆ, ಆದರೆ ಕುಂಟುತ್ತದೆ. ಚಕ್ರದ ಒಂದೊಂದು ಸುತ್ತಿನಲ್ಲೂ ಒಂದು ಸಲ ಕಚ್ಚಿಕೊಂಡು ಬಿಡುತ್ತದೆ. ತಳ ತಿರುಗಿಸಿ ನೋಡಿದರೆ ಸ್ಕ್ರೂ ತಲೆಗಳ ಮೇಲೆ ಹೊಸ ಗೀರು. ಮುಟ್ಟಬೇಡ ಅಂದಿದ್ದ ಚಕ್ರ ಬಿಚ್ಚಿದ್ದಾನೆ! ಈ ಇಂಜಿನ್‌ನಲ್ಲಿ ಡ್ರೈವರ್ ಚಕ್ರಗಳ (ಇಂಜಿನ್ ಎಳೆಯುವ ದೊಡ್ಡ ಚಕ್ರಗಳು) ಆಕ್ಸಲ್‌ಗಳಿಗೆ ಗೇರ್ ಇದೆ. ವಾಪಸ್ ಕೂರಿಸುವಾಗ ಒಂದು ಹಲ್ಲು ಆಚೀಚೆ ಆದರೂ ಸೈಡ್ ರಾಡ್ ಹಿಡಿದುಕೊಳ್ಳುತ್ತದೆ. ಎಡಗಡೆ ಕ್ರ್ಯಾಂಕ್‌ಗೂ ಬಲಗಡೆಗೂ ಕಾಲು ಸುತ್ತಿನ ಅಂತರ ಇರಬೇಕು, ಎಲ್ಲ ಆಕ್ಸಲ್‌ನಲ್ಲೂ ಒಂದೇ ತರ. ನಿಜವಾದ ಇಂಜಿನ್‌ನ 63 ಇಂಚಿನ ಚಕ್ರ ಇಲ್ಲಿ ಬರೀ 10 ಮಿಲಿಮೀಟರ್. ಕೂದಲೆಳೆಯಷ್ಟು ತಪ್ಪಿದರೂ ಮುಗಿಯಿತು.

ಈಗ ಅವನ ಉತ್ತರಗಳು. ಇವನ್ನು ಓದಲೇಬೇಕು.

ಮೊದಲು ಮರ್ಯಾದೆಯಿಂದಲೇ ಬರೆದೆ. ಹ್ಯಾಂಡ್‌ರೇಲ್ ಬೇರೆಯಾಗಿ ಇಲ್ಲವಲ್ಲ, ಏನಾಯಿತು ಅಂತ. ಉತ್ತರ: "ಸರ್, ಎನ್ ಸ್ಕೇಲ್ ಅಂದ್ರೆ ಇಷ್ಟೇ. ಮೂರಡಿ ದೂರದಿಂದ ನೋಡಿ." ನಾನು ದುಡ್ಡು ಕೊಟ್ಟಿದ್ದು ಮೂರಡಿ ದೂರಕ್ಕಾ? ಮೂರಡಿ ದೂರಕ್ಕೆ ಹಳೆಯದೇ ಚೆನ್ನಾಗಿತ್ತಲ್ಲ!

ಸೂಜಿಯ ಫೋಟೊ ಕಳಿಸಿದೆ. "ಭೂತಗನ್ನಡಿ ಹಿಡಿದು ನೋಡಿದ್ರೆ ಯಾರ ಕೆಲಸವೂ ನಿಲ್ಲಲ್ಲ ಸರ್."

ತಂತಿ ಎಲ್ಲಿ, ಅಷ್ಟು ಹೇಳಿ ಸಾಕು ಅಂದೆ. ಸ್ವಲ್ಪ ಹೊತ್ತು ಬಿಟ್ಟು ಬಂತು: "ತಂತಿ ಹಾಕಿದ್ದೆ ಸರ್. ಪಾರ್ಸೆಲ್‌ನಲ್ಲಿ ಅಲುಗಾಡಿ ಬಿದ್ದು ಹೋಗಿರಬೇಕು. ಡಬ್ಬದಲ್ಲಿ ಸರಿಯಾಗಿ ಹುಡುಕಿ."

ತಂತಿ ಬಿದ್ದು ಹೋಯಿತಂತೆ. ಒಪ್ಪಿಕೊಳ್ಳೋಣ. ಬಿದ್ದ ಜಾಗದಲ್ಲಿ ಪ್ಲಾಸ್ಟಿಕ್ ಕಂಬಿ ಮತ್ತೆ ಚಿಗುರಿತಾ? ಕೊರೆದ ತೂತು ದಾರಿಯಲ್ಲಿ ತಾನೇ ಮುಚ್ಚಿಕೊಂಡಿತಾ? ಇದನ್ನೇ ಕೇಳಿದೆ. ಇದಕ್ಕೆ ಉತ್ತರ ಬರಲಿಲ್ಲ, ನಮಸ್ಕಾರದ ಚಿತ್ರ ಬಂತು.

ಕಿಟಕಿ ಗಾಜಿನ ಮಂಜು? "ಅದು ಬೇಕಂತಲೇ ಮಾಡಿದ್ದು. ಸ್ಟೀಮ್ ಇಂಜಿನ್ ಅಲ್ವಾ ಸರ್, ಒಳಗೆ ಹಬೆ ಇದ್ದ ಹಾಗೆ ಕಾಣ್ಲಿ ಅಂತ." ಸಿಟ್ಟಿನಲ್ಲೂ ನಗು ಬಂತು. ಕುಂಟುವುದು? "ನೀವು ಎಣ್ಣೆ ಬಿಟ್ಟಿಲ್ಲ ಅನ್ಸುತ್ತೆ." ಸ್ಕ್ರೂ ಮೇಲಿನ ಗೀರು? "ಮೊದಲೇ ಇತ್ತು." ಕಳಿಸುವ ಮುಂಚೆ ತಳದ ಫೋಟೊ ತೆಗೆದಿಟ್ಟಿದ್ದೆ, ಅದನ್ನು ಹಾಕಿದೆ. "ಲೈಟಿಂಗ್ ಬೇರೆ ಸರ್."

ಕೊನೆಗೆ ಅವನು ಕಳಿಸಿದ್ದ ಆ ಚೆಂದದ ಫೋಟೊಗಳನ್ನೇ ದೊಡ್ಡದು ಮಾಡಿಕೊಂಡು ಕೂತೆ. ಎಲ್ಲದರಲ್ಲೂ ಬಾಯ್ಲರ್ ಮಾತ್ರ, ಟೆಂಡರ್ ಕತ್ತರಿಸಿ ಹೋಗಿತ್ತು. ಒಂದರಲ್ಲಿ ಮಾತ್ರ ಹಿಂದೆ ಟೆಂಡರ್ ಮಸುಕಾಗಿ ಬಂದಿದೆ. ಎಣಿಸಿದೆ. ಒಂದು ಪಕ್ಕಕ್ಕೆ ಆರು ಚಕ್ರ. ನನ್ನ ಟೆಂಡರ್‌ಗೆ ಒಂದು ಪಕ್ಕಕ್ಕೆ ನಾಲ್ಕೇ ಚಕ್ರ. ಅದು ನನ್ನ ಇಂಜಿನ್ನೇ ಅಲ್ಲ! ಹೋಗಲಿ, ಎನ್ ಸ್ಕೇಲೂ ಅಲ್ಲ ಅನ್ನಿಸುತ್ತದೆ. ಪಕ್ಕದಲ್ಲಿದ್ದ ಅಳತೆಪಟ್ಟಿಯ ಗೆರೆಗಳಿಗೆ ಹೋಲಿಸಿದರೆ ಡ್ರೈವರ್ ಚಕ್ರ ಹೆಚ್ಚುಕಮ್ಮಿ 18 ಮಿಲಿಮೀಟರ್ ಬರುತ್ತದೆ. 1:87ಕ್ಕೆ, ಅಂದರೆ ಎನ್‌ಗಿಂತ ದೊಡ್ಡದಾದ ಎಚ್‌ಒ ಸ್ಕೇಲ್‌ಗೆ, 63 ಇಂಚಿನ ಚಕ್ರ ಅಷ್ಟೇ ಬರಬೇಕು. ಯಾರದೋ ಎಚ್‌ಒ ಮಾಡೆಲ್ ತೋರಿಸಿ, ನೋಡಿ ಸರ್ ನಿಮ್ಮದು ಹೀಗೆ ಆಗ್ತಿದೆ ಅಂತ ನನ್ನ ಹತ್ತಿರ ದುಡ್ಡು ಕಿತ್ತಿದ್ದಾನೆ. ನಾನು ಯಾರದೋ ಇಂಜಿನ್ ನೋಡಿ ವಾರಗಟ್ಟಲೆ "ಸೂಪರ್", "ಅದ್ಭುತ" ಅಂತ ಬರೆಯುತ್ತಾ ಕೂತಿದ್ದೆ. ಇದಕ್ಕಿಂತ ಅವಮಾನ ಇದೆಯಾ?

ಕೇಳಿದರೆ: "ಅವು ರೆಫರೆನ್ಸ್ ಫೋಟೊ ಸರ್. ನಿಮ್ಮದೇ ಅಂತ ನಾನು ಎಲ್ಲಿ ಹೇಳಿದ್ದೆ?" ಹೇಳಿದ್ದ. "ಇವತ್ತು ನಿಮ್ಮ ಬಾಯ್ಲರ್ ಮುಗೀತು" ಅಂತ ಕೆಳಗೇ ಬರೆದಿದ್ದ. ಅದನ್ನು ತೋರಿಸಿದ ಮೇಲೆ ದನಿ ಬದಲಾಯಿತು. "ಎಲ್ಲೂ ಬರೀಬೇಡಿ ಸರ್, ಮುಂದಿನ ಇಂಜಿನ್‌ಗೆ ಕಮ್ಮಿ ಮಾಡಿ ಕೊಡ್ತೀನಿ." ಮುಂದಿನ ಇಂಜಿನ್! ಇವನ ಕೈಗೆ ಇನ್ನೊಂದು ಇಂಜಿನ್ ಕೊಡಬೇಕಂತೆ. ದುಡ್ಡು ವಾಪಸ್ ಮಾತು ಎತ್ತಿದ ಮೇಲೆ ಉತ್ತರವೇ ಇಲ್ಲ.

ಬಣ್ಣ ತೆಗೆಯೋಣ ಅಂತ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಹತ್ತಿಯಲ್ಲಿ ಒರೆಸಿದೆ. ಅವನ ಬಣ್ಣದ ಜೊತೆ ಕ್ಯಾಬ್ ಮೇಲಿನ ಕಾರ್ಖಾನೆ ಅಕ್ಷರವೂ ಎದ್ದು ಬಂತು. ಥಿನ್ನರ್ ಹಾಕಿ ಅಂತ ಸಲಹೆ ಕೊಡಬೇಡಿ, ಪ್ಲಾಸ್ಟಿಕ್ಕೇ ಕರಗುತ್ತದೆ. ಆಕ್ಸಲ್‌ಗಳನ್ನು ನಾನೇ ಬಿಚ್ಚಿ ಹಲ್ಲು ಸರಿ ಕೂರಿಸಿದೆ, ಈಗ ಕುಂಟುವುದು ನಿಂತಿದೆ. ಹ್ಯಾಂಡ್‌ರೇಲ್ ಇನ್ನೂ ಅದೇ ಬರೆ.

ನೀವು ಯಾರಿಗಾದರೂ ಕೆಲಸ ಕೊಡುವುದಾದರೆ ಬಣ್ಣ ಹೊಡೆಯುವ ಮುಂಚಿನ ಫೋಟೊ ಕೇಳಿ. ಕೆರೆದ ಜಾಗ, ಕೊರೆದ ತೂತು, ಬರೀ ತಂತಿ, ಎಲ್ಲ ಕಾಣಬೇಕು. ಪಕ್ಕದಲ್ಲಿ ಒಂದು ಚೀಟಿ, ಅದರ ಮೇಲೆ ನೀವು ಹೇಳಿದ ಮಾತು ಅವನ ಕೈಬರಹದಲ್ಲಿ. ಕೊಡುವ ಮುಂಚೆ ನಿಧಾನ ಓಡುವ ವಿಡಿಯೊ ನೀವು ತೆಗೆದಿಡಿ, ಬಂದ ಮೇಲೂ ತೆಗೆಯಿರಿ. ಒಳ್ಳೆ ಕೆಲಸಗಾರರು ಇದಕ್ಕೆಲ್ಲ ಬೇಜಾರು ಮಾಡಿಕೊಳ್ಳಲ್ಲ, ತಾವೇ ಕಳಿಸುತ್ತಾರೆ. "ನಂಬಿಕೆ ಇಲ್ವಾ ಸರ್" ಅಂದವನನ್ನು ಅಲ್ಲೇ ಬಿಡಿ. ಕೊಳೆ ಜಾಸ್ತಿ ಹಾಕುತ್ತೇನೆ ಅನ್ನುವವನನ್ನೂ ಬಿಡಿ.

ಆ ಫೋಟೊ ಇನ್ನೂ ಓಡಾಡುತ್ತಿದೆ, ಮೊನ್ನೆ ಪರಿಚಯದವರೊಬ್ಬರಿಗೂ ಹೋಗಿದೆ. ಹಸಿರು ಕಟಿಂಗ್ ಮ್ಯಾಟ್ ಮೇಲೆ ಎಡಕ್ಕೆ ಮುಖ ಮಾಡಿದ ಇಂಜಿನ್, ಮುಂದೆ ಸ್ಟೀಲ್ ಅಳತೆಪಟ್ಟಿ, ಬಲ ಅಂಚಿನಲ್ಲಿ ಮಸುಕಾದ ಟೆಂಡರ್. ನಿಮಗೂ ಬಂದರೆ ಜಗಳಕ್ಕೆ ಹೋಗಬೇಡಿ. ಟೆಂಡರ್ ಪೂರ್ತಿ ಕಾಣುವ ಹಾಗೆ ಇನ್ನೊಂದು ಫೋಟೊ ಕಳಿಸಿ ಅಂತ ಮಾತ್ರ ಕೇಳಿ.