ಎರೆಮಣ್ಣಿನ ತೋಟಕ್ಕೆ ಟೆನ್ಸಿಯೋಮೀಟರ್: ಮುಳ್ಳು ಸೊನ್ನೆಗೆ ಬಂದರೆ ತಕ್ಷಣ ನಂಬಬೇಡಿ

ಕಡೂರು, ಅಜ್ಜಂಪುರ ಕಡೆಯ ಎರೆಭೂಮಿಯಲ್ಲಿ ಅಡಿಕೆ ಇಟ್ಟವರು ತೇವ ಅಳೆಯುವ ಸಾಧನ ಕೇಳಿದರೆ ಮೂರು ಬಗೆ ಸಿಗುತ್ತವೆ: ಕಡ್ಡಿ ಚುಚ್ಚುವ ಅಗ್ಗದ ಮೀಟರು, ಮೊಬೈಲಿಗೆ ಅಂಕಿ ಕಳಿಸುವ ಕೆಪಾಸಿಟೆನ್ಸ್ ಸೆನ್ಸರು, ತಳದಲ್ಲಿ ಸೆರಾಮಿಕ್ ಬಟ್ಟಲು, ಮೇಲೆ ಮುಳ್ಳಿನ ಡಯಲು ಇರುವ, ಕೊಳವೆಗೆ ನೀರು ತುಂಬುವ ಟೆನ್ಸಿಯೋಮೀಟರು. ನಮ್ಮ ಓಟು ಮೂರನೆಯದಕ್ಕೆ, ಒಂದು ಷರತ್ತಿನ ಮೇಲೆ.

ಕಡ್ಡಿ ಮೀಟರು ಎರೆಗೆ ದಂಡ. ಮಣ್ಣಿನಲ್ಲಿ ಗೊಬ್ಬರದ ಉಪ್ಪಿನಂಶ ಏರಿದರೂ ಅದು ‘ತೇವ’ ಎನ್ನುತ್ತದೆ. ಸೆನ್ಸರು ತೋರಿಸುವುದು ಮಣ್ಣಿನಲ್ಲಿ ನೀರು ಶೇಕಡಾ ಎಷ್ಟಿದೆ ಎಂದು. ಶೇ. 25 ಎಂದರೆ ಮರಳುಮಿಶ್ರಿತ ಕೆಂಪು ಮಣ್ಣಿನಲ್ಲಿ ಧಾರಾಳ. ಎರೆಯಲ್ಲಿ ಅಷ್ಟೇ ಇದ್ದರೆ ಗಿಡ ಬಾಡುವ ಹಂತದಲ್ಲಿರಬಹುದು, ಏಕೆಂದರೆ ಜೇಡಿಯ ಕಣಗಳು ಆ ನೀರನ್ನು ಬೇರಿಗೆ ಬಿಟ್ಟುಕೊಡುವುದಿಲ್ಲ. ಟೆನ್ಸಿಯೋಮೀಟರು ಬೇರು ಎಷ್ಟು ಬಲವಾಗಿ ಎಳೆಯಬೇಕು ಎಂಬುದನ್ನೇ ಅಳೆಯುತ್ತದೆ. ಬ್ಯಾಟರಿ ಬೇಡ, ಮಣ್ಣಿಗೆ ತಕ್ಕಂತೆ ಹೊಂದಿಸುವ ರಗಳೆಯೂ ಇಲ್ಲ.

ಕೂರಿಸುವುದರಲ್ಲೇ ಅರ್ಧ ಕೆಲಸ. ತಳದ ಸೆರಾಮಿಕ್ ಬಟ್ಟಲನ್ನು ಹಿಂದಿನ ರಾತ್ರಿ ನೀರಿನಲ್ಲಿ ನೆನೆಸಿ. ಕೊಳವೆಗೆ ಕುದಿಸಿ ಆರಿಸಿದ ನೀರನ್ನೇ ತುಂಬಿ, ಹಸಿ ನೀರಾದರೆ ಅದರಲ್ಲಿ ಕರಗಿದ ಗಾಳಿ ಗುಳ್ಳೆಯಾಗಿ ಬಿಡುತ್ತದೆ. ಕೊಳವೆಯಷ್ಟೇ ದಪ್ಪದ ಬೈರಿಗೆಯಿಂದ ಗುಳಿ ಕೊರೆದು, ತೆಗೆದ ಮಣ್ಣನ್ನೇ ಅಂಬಲಿಯ ಹದಕ್ಕೆ ಕಲಸಿ ತಳಕ್ಕೆ ಸುರಿದು, ಬಟ್ಟಲನ್ನು ಅದರಲ್ಲಿ ಒತ್ತಿ. ಎರಡು ಕೊಳ್ಳಿ: 30 ಸೆಂ.ಮೀ. ಆಳಕ್ಕೊಂದು, 60ಕ್ಕೊಂದು.

ಈಗ ಷರತ್ತು. ಕೊಳವೆಯೊಳಗಿನ ನೀರು ಸಮುದ್ರಮಟ್ಟದಲ್ಲಿ ಸುಮಾರು 85 ಸೆಂಟಿಬಾರ್ (ಎಳೆತದ ಅಳತೆ, ಅಂಕಿ ಏರಿದಷ್ಟೂ ಮಣ್ಣು ಒಣ) ಎಳೆತದವರೆಗೆ ತಡೆಯುತ್ತದೆ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ 700 ಮೀಟರಿಗೂ ಮೇಲಿರುವ ಕಡೂರು ಸೀಮೆಯಲ್ಲಿ 75ರ ಆಸುಪಾಸಿಗೇ ನೀರಿನ ಕಂಬ ಕಡಿಯುತ್ತದೆ. ಎರೆಯಲ್ಲಿ ಅದಕ್ಕೂ ಮೊದಲೇ ಕೆಡುವುದುಂಟು: ಮಣ್ಣು ಒಣಗಿ ಕುಗ್ಗಿ ಬಟ್ಟಲಿನಿಂದ ದೂರ ಸರಿಯುತ್ತದೆ, ಗಾಳಿ ಒಳಗೆ ನುಗ್ಗುತ್ತದೆ, ಮುಳ್ಳು ಸರ್ರನೆ ಸೊನ್ನೆಗೆ ಇಳಿಯುತ್ತದೆ. ಸೊನ್ನೆ ಎಂದರೆ ‘ಕೆಸರು’ ಎಂದು ಅರ್ಥ! ಮಳೆಯಿಲ್ಲದೆ, ಡ್ರಿಪ್ ಬಿಡದೆ ಸೊನ್ನೆ ಕಂಡರೆ ಕೊಳವೆಯ ನೀರಿನ ಮಟ್ಟ ನೋಡಿ. ತಗ್ಗಿದ್ದರೆ ಕಿತ್ತು ಮತ್ತೆ ಕೂರಿಸಿ. ಬರೀ ನೀರು ತುಂಬಿದರೆ ಅದೇ ಕಥೆ. ಇದನ್ನು ತಪ್ಪಿಸಲು ಎರೆಯಲ್ಲಿ ಮುಳ್ಳು 40–50 ಸೆಂಟಿಬಾರಿಗೆ ಬಂದಾಗಲೇ ನೀರು ಕೊಡಿ, ಬಿರುಕು ಬಾಯಿ ಬಿಡುವವರೆಗೆ ಕಾಯಬೇಡಿ.

ಬಿರುಕು ಬಿದ್ದ ಮೇಲೆ ಲೆಕ್ಕವೇ ಬೇರೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಶಾಖ ಸಾಗಿಸುತ್ತದೆ. ಮಣ್ಣಿನ ರಂಧ್ರದಲ್ಲಿ ನೀರಿನ ಜಾಗಕ್ಕೆ ಗಾಳಿ ಬಂದಾಗ ಬಿಸಿಲಿನ ಶಾಖ ಕೆಳಗೆ ಇಳಿಯದೆ ಮೇಲ್ಪದರದಲ್ಲೇ ಉಳಿಯುತ್ತದೆ. ಒಣ ಮಣ್ಣಿಗೆ ಶಾಖ ಹಿಡಿದಿಡುವ ಶಕ್ತಿಯೂ ಕಡಿಮೆ, ಅದಕ್ಕೇ ಮಧ್ಯಾಹ್ನ ಕಾಲು ಸುಡುತ್ತದೆ. ಮೇಲ್ಪದರ ಹೀಗೆ ಒಣಗಿದರೆ ಕೆಳಗಿನ ತೇವಕ್ಕೆ ಅದೇ ಹೊದಿಕೆಯಾಗಬೇಕಿತ್ತು. ಆದರೆ ಎರೆಯಲ್ಲಿ ಬಿರುಕಿನ ಗೋಡೆಗಳಿಂದ ಒಳಗಿನ ತೇವವೂ ಆರಿಹೋಗುತ್ತದೆ. ಬುಡಕ್ಕೆ ಅಡಿಕೆ ಸೋಗೆ ದಪ್ಪಗೆ ಹಾಕಿ. ಮೀಟರನ್ನು ಬೆಳಗ್ಗೆಯೇ ಓದಿ, ಬಿಸಿಲಿಗೆ ಕಾದ ಕೊಳವೆಯ ಅಂಕಿ ಏರುಪೇರಾಗುತ್ತದೆ.

ಎರಡು ಮೀಟರಿನ ದುಡ್ಡು ವಸೂಲಾಗುವುದು ಇಲ್ಲೇ. ನೀರು ಬಿಟ್ಟಾಗ 60 ಸೆಂ.ಮೀ. ಆಳದ ಮೀಟರಿನ ಮುಳ್ಳು ಮೊದಲು ಇಳಿದು, 30 ಸೆಂ.ಮೀ.ನದ್ದು ಅಲ್ಲಾಡದಿದ್ದರೆ ನೀರು ಬಿರುಕಿನಲ್ಲಿ ಹಾದು ಬೇರನ್ನು ತಪ್ಪಿಸಿಕೊಂಡು ಹೋಗುತ್ತಿದೆ. ಅರ್ಧ ಗಂಟೆ ಬಿಟ್ಟು ನಿಲ್ಲಿಸಿ. ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳಲು ಕೆಲವು ಗಂಟೆ ಕೊಟ್ಟು ಉಳಿದದ್ದನ್ನು ಬಿಡಿ. ಉಬ್ಬಿದ ಎರೆ ನೀರನ್ನು ಬಲು ನಿಧಾನ ಕುಡಿಯುತ್ತದೆ, ಡ್ರಿಪ್ಪರಿನ ಸುತ್ತ ಮಡು ನಿಂತರೆ ಬಿಡುವ ವೇಗ ತಗ್ಗಿಸಿ.

ಹಾಸನದ ಆಲೂಗಡ್ಡೆಯ ಕೆಂಪು ಮಣ್ಣಿಗೆ ಈ ತಾಪತ್ರಯ ಅಷ್ಟಿಲ್ಲ, ಅಲ್ಲಿನ ಜೇಡಿ ಹೆಚ್ಚು ಉಬ್ಬಿ ಕುಗ್ಗುವ ಜಾತಿಯದಲ್ಲ. 25–30 ಸೆಂಟಿಬಾರಿಗೆ ನೀರು ಬಿಟ್ಟರೆ ಸಾಕು. ಕೆರೆಗೋಡು (ಕೆರೆಯ ಹೂಳು) ದಪ್ಪಗೆ ಹರಡಿದ ಕೆಂಪು ತೋಟವಾದರೆ ಮೇಲಿನ ಪದರ ಎರೆಯ ಬುದ್ಧಿಯನ್ನೇ ತೋರಿಸೀತು. ಕೊಳ್ಳುವಾಗ ಬಟ್ಟಲು ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿಕೊಳ್ಳಿ, ಮೊದಲು ಒಡೆಯುವುದು ಅದೇ.