ಮೈಎಸ್‌ಕ್ಯೂಎಲ್ ಶೆಲ್‌ನ ಅಪ್‌ಗ್ರೇಡ್ ಚೆಕರ್: ಸರ್ವರಿನೊಳಗೆ ಚುರುಕು, ಹೊರಗೆ ಕುರುಡು

ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದ 5.7ನೇ ಆವೃತ್ತಿಯ ಬೆಂಬಲ 2023ರ ಅಕ್ಟೋಬರ್‌ನಲ್ಲೇ ಮುಗಿದಿದ್ದರೂ ನಮ್ಮ ಪರೀಕ್ಷಾ ಫಲಿತಾಂಶಗಳ ಡೇಟಾಬೇಸ್ ಅದರ ಮೇಲೆಯೇ ಓಡುತ್ತಿತ್ತು. ಒಮ್ಮೆ 8.0ಕ್ಕೆ ಏರಿಸಿದ ಮೇಲೆ ಅವೇ ಡೇಟಾ ಫೈಲುಗಳೊಂದಿಗೆ 5.7ಕ್ಕೆ ಇಳಿಯುವಂತಿಲ್ಲವಾದ್ದರಿಂದ, ಕೈಹಾಕುವ ಮುನ್ನ ಅದರ ಕಮ್ಯಾಂಡ್ ಸಾಧನವಾದ ಮೈಎಸ್‌ಕ್ಯೂಎಲ್ ಶೆಲ್‌ನಲ್ಲಿ ಉಚಿತವಾಗಿ ಸಿಗುವ, ತೊಂದರೆಗಳನ್ನು ಮೊದಲೇ ಹುಡುಕಿಕೊಡುವ ಅಪ್‌ಗ್ರೇಡ್ ಚೆಕರನ್ನು ಓಡಿಸಿ ನೋಡಿದೆವು.

ಬಳಕೆ ಸುಲಭ. ಹಳೆಯ ಸರ್ವರಿಗೆ ಲಾಗಿನ್ ಆಗಿ ಒಂದು ಕಮ್ಯಾಂಡ್ ಕೊಟ್ಟರೆ, ಡೇಟಾವನ್ನು ಬದಲಿಸದೆ ಟೇಬಲ್, ವ್ಯೂ, ಸ್ಟೋರ್ಡ್ ಪ್ರೊಸೀಜರ್‌ಗಳನ್ನೆಲ್ಲ ಜಾಲಾಡಿ, ದೋಷ, ಎಚ್ಚರಿಕೆ, ಸೂಚನೆ ಎಂದು ಬೇರ್ಪಡಿಸಿ ವರದಿ ಕೊಡುತ್ತದೆ. ಸರ್ವರಿನ ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೈಲ್ ಎಲ್ಲಿದೆಯೆಂದು ತಿಳಿಸಲು ಮರೆಯಬಾರದು. ಇಲ್ಲವಾದರೆ ಅದಕ್ಕೆ ಸಂಬಂಧಿಸಿದ ತಪಾಸಣೆ ಬಿಟ್ಟುಹೋಗುತ್ತದೆ.

ನಮ್ಮ ಟೇಬಲ್ಲಿನಲ್ಲಿ ‘ರ‍್ಯಾಂಕ್’ ಎಂಬ ಹೆಸರಿನ ಕಾಲಂ ಇತ್ತು. 8.0ರಲ್ಲಿ ಸಾಲುಗಳಿಗೆ ಸ್ಥಾನ ಕೊಡುವಂಥ ಲೆಕ್ಕಗಳನ್ನು ಮಾಡುವ ವಿಂಡೋ ಫಂಕ್ಷನ್‌ಗಳು ಬಂದಾಗ ಆ ಪದ ಮೈಎಸ್‌ಕ್ಯೂಎಲ್‌ನ ಸ್ವಂತ ಬಳಕೆಗೆ ಮೀಸಲಾಯಿತು ಎಂಬುದನ್ನು ಚೆಕರ್ ಸರಿಯಾಗಿಯೇ ಎತ್ತಿ ತೋರಿಸಿತು. ಆದರೆ ಆ ಕಾಲಮ್ಮನ್ನು ಬಳಸುವ ಕ್ವೆರಿಗಳು, ಅಂದರೆ ಡೇಟಾ ಕೇಳುವ ಆದೇಶಗಳು, ಇದ್ದುದು ಸರ್ವರಿನಲ್ಲಲ್ಲ, ನಮ್ಮ ಪಿಎಚ್‌ಪಿ ಕೋಡಿನಲ್ಲಿ. ಟೇಬಲ್ ಹೆಸರಿನ ನಂತರ ಚುಕ್ಕಿಯಿಟ್ಟು ಬರೆದ ಕಡೆಯೆಲ್ಲ ಅವು ಓಡುತ್ತವೆ, ಬರಿದೇ ಬರೆದ ಕಡೆ ಸಿಂಟ್ಯಾಕ್ಸ್ ದೋಷ ಬರುತ್ತದೆ. ಹೆಸರಿನ ಎರಡೂ ಬದಿಗೆ ಬ್ಯಾಕ್‌ಟಿಕ್ (`) ಹಾಕಿದರೆ ಸರಿಹೋಗುತ್ತದೆ.

ದೋಷ ಬಂದರೆ ಒಳ್ಳೆಯದೇ, ಕಣ್ಣಿಗಾದರೂ ಬೀಳುತ್ತದೆ. ನಮ್ಮನ್ನು ನಿಜವಾಗಿ ಕಾಡಿದ್ದು ಸಾಲುಗಳನ್ನು ಗುಂಪುಗೂಡಿಸುವ ಗ್ರೂಪ್ ಬೈ. ಅದು 5.7ರಲ್ಲಿ ಕೇಳದೆಯೇ ಫಲಿತಾಂಶವನ್ನು ಕ್ರಮವಾಗಿ ಜೋಡಿಸಿ ಕೊಡುತ್ತಿತ್ತು, 8.0 ಆ ಉಪಕಾರವನ್ನು ನಿಲ್ಲಿಸಿದೆ. ಟೆಸ್ಟ್ ಸರ್ವರಿನಲ್ಲಿ ತಾಲ್ಲೂಕುವಾರು ವರದಿ ತೆಗೆದಾಗ ಅಫಜಲಪುರ, ಆಳಂದ, ಚಿತ್ತಾಪುರ ಎಂದು ಸಾಲಾಗಿ ಬರಬೇಕಾದವು ಎಲ್ಲೆಂದರಲ್ಲಿ ಕುಳಿತಿದ್ದವು. ಅಂಕಿಗಳು ಸರಿಯಾಗಿದ್ದವು, ದೋಷದ ಸಂದೇಶವೂ ಇರಲಿಲ್ಲ. ಯಾವ ಕ್ರಮ ಬೇಕೆಂದು ತಿಳಿಸುವ ಆರ್ಡರ್ ಬೈ ಬರೆಯದೆ ಬಿಟ್ಟ ತಪ್ಪು ನಮ್ಮದೇ ಆದ್ದರಿಂದ ಚೆಕರನ್ನು ದೂರುವಂತಿಲ್ಲ.

ಕೊಲೇಷನ್, ಅಂದರೆ ಪಠ್ಯವನ್ನು ಹೋಲಿಸಿ ಜೋಡಿಸುವ ನಿಯಮದ ವಿಷಯವೂ ಅಷ್ಟೇ ಸೂಕ್ಷ್ಮ. ಹಳೆಯ ಟೇಬಲ್‌ಗಳು ತಮ್ಮ ಕೊಲೇಷನ್ನನ್ನು ಉಳಿಸಿಕೊಳ್ಳುತ್ತವೆ, 8.0ರಲ್ಲಿ ಯುಟಿಎಫ್8ಎಂಬಿ4 ಎಂಬ ಅಕ್ಷರ ಸಂಕೇತವನ್ನಷ್ಟೇ ಹೇಳಿ ಹೊಸದಾಗಿ ಮಾಡಿದವು ಅದರ ‘0900’ ಕೊಲೇಷನ್ ಪಡೆಯುತ್ತವೆ. ಎರಡನ್ನೂ ಪಠ್ಯದ ಕಾಲಂ ಮೇಲೆ ಜಾಯಿನ್ ಮಾಡಿ ಕೂಡಿಸಿದರೆ ಕೊಲೇಷನ್‌ಗಳು ಹೊಂದುವುದಿಲ್ಲವೆಂಬ 1267ನೇ ದೋಷ ಎದುರಾಗಬಹುದು. ಹೊಸ ಕೊಲೇಷನ್ನಿನಲ್ಲಿ ಕೊನೆಯ ಖಾಲಿ ಜಾಗಕ್ಕೂ ಲೆಕ್ಕವಿರುವುದರಿಂದ, ‘ಮೈಸೂರು’ ಮತ್ತು ಯಾರೋ ಸ್ಪೇಸ್ ಒತ್ತಿ ತುಂಬಿದ ‘ಮೈಸೂರು ’ ಬೇರೆ ಬೇರೆ ಊರುಗಳಾಗುತ್ತವೆ.

ಆದ್ದರಿಂದ ಈ ಚೆಕರನ್ನು ಓಡಿಸಲೇಬೇಕು, ಆದರೆ ಅದೊಂದನ್ನೇ ನೆಚ್ಚಬಾರದು ಎಂಬುದು ನನ್ನ ಅಭಿಪ್ರಾಯ. ಇದರ ಜೊತೆಗೆ ಪರ್ಕೋನಾ ಟೂಲ್‌ಕಿಟ್ ಎಂಬ ಸಾಧನಗಳ ಕಟ್ಟಿನಲ್ಲಿರುವ ಪಿಟಿ-ಅಪ್‌ಗ್ರೇಡ್ ಬಳಸಿದೆವು. ತಡವಾಗುವ ಕ್ವೆರಿಗಳನ್ನು ದಾಖಲಿಸುವ ಸ್ಲೋ ಲಾಗ್‌ನ ಸಮಯಮಿತಿಯನ್ನು, ಎಲ್ಲವೂ ದಾಖಲಾಗುವಂತೆ, ಸೊನ್ನೆಗಿಳಿಸಿ ಸಂಗ್ರಹಿಸಿದ ಕ್ವೆರಿಗಳನ್ನು ಅದು ಎರಡೂ ಆವೃತ್ತಿಗಳ ಸರ್ವರುಗಳ ಮೇಲೆ ಓಡಿಸಿ, ಸಾಲುಗಳ ಸಂಖ್ಯೆ, ಎಚ್ಚರಿಕೆ, ತಗಲಿದ ಸಮಯಗಳನ್ನು ಹೋಲಿಸುತ್ತದೆ. ತಾನಾಗಿ ಡೇಟಾ ಓದುವ ಸೆಲೆಕ್ಟ್ ಮತ್ತು ಸೆಟ್ಟಿಂಗ್ ಹೊಂದಿಸುವ ಸೆಟ್‌ಗಳನ್ನು ಮಾತ್ರ ಓಡಿಸುತ್ತದೆಯಾದರೂ ಬಳಕೆಯಲ್ಲಿರುವ ಸರ್ವರಿನ ಮೇಲೆ ಇದನ್ನು ಪ್ರಯೋಗಿಸಬಾರದು. ವರ್ಷಕ್ಕೊಮ್ಮೆ ತೆಗೆಯುವ ವರದಿಗಳು ಆ ಲಾಗಿನಲ್ಲೂ ಇರಲಿಲ್ಲ. ಅವನ್ನು ಕೋಡಿನಲ್ಲಿ ಒಂದೊಂದಾಗಿ ಹುಡುಕಿ ಆರ್ಡರ್ ಬೈ ಸೇರಿಸಿದೆವು.